ಹಿತ್ತಲಿಗೆ ಬರುವ ಟರ್ಕಿ ಕೋಳಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮಸಾಚುಸೆಟ್ಸ್ ರಾಜ್ಯದ ಹಳ್ಳಿಗಾಡಿನಲ್ಲಿ ನಮ್ಮ ಮನೆ ಇದೆ. ಅದರ ಸುತ್ತ ಕಾಣುವ ಹಕ್ಕಿ ಮತ್ತು ಮೃಗಗಳ ಕುರಿತು ಕಳೆದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಟರ್ಕಿ ಕೋಳಿಯನ್ನೇ ಕುರಿತವು. ಕೆಲವು ಇಲ್ಲಿ ನೆಲೆಸಿದ ಕನ್ನಡಿಗರವು, ಕೆಲವು ಮಕ್ಕಳ ಮನೆಗೆ ಬಂದು ಕಿಟಕಿಯ ಬಳಿ ಕೂತು ಹೊರಗೆ ನೋಡುವ ತಂದೆ-ತಾಯಂದಿರವು, ಒಂದೆರಡು ಊರಿನಿಂದಲೇ ಬಂದವು. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಸಾಗರದಿಂದ ಬಂದವಳು ನಾನು. ಪಶ್ಚಿಮ ಮಸಾಚುಸೆಟ್ಸ್‌ನ ಹಳ್ಳಿಯೊಂದರಲ್ಲಿ ನಾಲ್ಕು ತಿಂಗಳಿಂದ ಇದ್ದೇನೆ. ದಿನವೂ ಬೆಳಗಿನ ಕಾಫಿಯ ಹೊತ್ತಿಗೆ ಹನ್ನೆರಡು-ಹದಿನಾಲ್ಕು ದೊಡ್ಡ ಕೋಳಿಗಳು ಸಾಲುಹಿಡಿದು ಹಿತ್ತಲು ದಾಟಿ ಹೋಗುತ್ತವೆ. ಯಾರೋ ಸಾಕಿದ ಕೋಳಿಗಳು ತಪ್ಪಿಸಿಕೊಂಡಿವೆ ಎಂದು ನಾನು ಹೇಳಿದರೆ, ಇಲ್ಲ, ಕಾಡಿನವೇ ಎಂದು ಅಳಿಯಂದಿರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಅಳಿಯಂದಿರ ಮಾತು ಸರಿ. ಆದರೆ ಅವುಗಳ ಹಿಂದೆ ಮನುಷ್ಯರ ಕೈ ಇರಬೇಕೆಂಬ ನಿಮ್ಮ ಊಹೆಯೂ ಪೂರ್ತಿ ತಪ್ಪಲ್ಲ, ತಾಯಿ.

ಮೊದಲು ಗುರುತು ಹಿಡಿಯುವ ಬಗೆಯನ್ನು ಹೇಳುತ್ತೇನೆ. ಹುಂಜ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ನಿಂತಾಗ ಗರಿಗಳ ತುದಿಯನ್ನು ನೋಡಿ. ಈ ಭಾಗದ ಕಾಡು ಟರ್ಕಿಯಾದರೆ ತುದಿಯ ಅಂಚು ಕಂದುಬಣ್ಣದ್ದು, ಸುಟ್ಟ ಬೆಲ್ಲದ ಬಣ್ಣ ಎನ್ನಬಹುದು. ಅದೇ ಮೈಬಣ್ಣದ ಸಾಕು ಟರ್ಕಿಗೆ ಆ ಅಂಚು ಬಿಳಿಯಾಗಿರುತ್ತದೆ, ಏಕೆಂದರೆ ಸಾಕು ತಳಿಗಳೆಲ್ಲ ಮೆಕ್ಸಿಕೊದ ಮೂಲದವು. ಅಲ್ಲಿನ ಜನ ಬಹಳ ಹಿಂದೆಯೇ ಇದನ್ನು ಪಳಗಿಸಿದ್ದರು, ಹದಿನಾರನೆಯ ಶತಮಾನದ ಮೊದಲಲ್ಲಿ ಸ್ಪೇನ್‌ನವರು ಅಲ್ಲಿಂದ ಯುರೋಪಿಗೆ ಒಯ್ದರು, ಮತ್ತೆ ಅದೇ ಸಾಕುಕೋಳಿ ವಲಸೆಗಾರರ ಹಡಗುಗಳಲ್ಲಿ ಅಮೆರಿಕಕ್ಕೆ ಮರಳಿತು. ಅಂಗಡಿಯಲ್ಲಿ ಸಿಗುವ ಬಿಳಿಯ ಟರ್ಕಿಗೆ ಮೈ ಹೊತ್ತು ಹಾರುವ ಶಕ್ತಿಯೂ ಉಳಿದಿಲ್ಲ. ನೀವು ಕಂಡ ಹಕ್ಕಿಯೋ ಸಂಜೆಯಾದರೆ ಮರದ ತುದಿಗೆ ಏರುವಂಥದ್ದು.

ಈಗ ಮನುಷ್ಯರ ಕೈಯ ವಿಷಯಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಈ ಪ್ರಾಂತ್ಯದ ಕಾಡಿನ ಬಹುಪಾಲನ್ನು ಹೊಲಕ್ಕೂ ಕುರಿಗಳ ಹುಲ್ಲುಗಾವಲಿಗೂ ಕಡಿದು ಹಾಕಿದ್ದರು. ಉಳಿದ ತುಣುಕುಗಳಲ್ಲಿ ಹಂಗಾಮು ಎಂಬ ಕಟ್ಟಳೆಯಿಲ್ಲದೆ ಬೇಟೆ ನಡೆಯುತ್ತಿತ್ತು. ಮಸಾಚುಸೆಟ್ಸ್‌ನ ಕೊನೆಯ ಕಾಡು ಟರ್ಕಿಯನ್ನು 1851ರಲ್ಲಿ ಮೌಂಟ್ ಟಾಮ್ ಎಂಬ ಗುಡ್ಡದಲ್ಲಿ ಕೊಂದರೆಂದು ದಾಖಲೆಯಿದೆ. ಅಲ್ಲಿಂದ ಮುಂದೆ ನೂರಿಪ್ಪತ್ತು ವರ್ಷ ಈ ರಾಜ್ಯದಲ್ಲಿ ಅದರ ಕೂಗೇ ಕೇಳಿಸಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಸಾಕಣೆ ಕೇಂದ್ರಗಳಲ್ಲಿ ಬೆಳೆಸಿದ ಹಕ್ಕಿಗಳನ್ನು ತಂದು ಕಾಡಿಗೆ ಬಿಡುವ ಪ್ರಯತ್ನ ಹಲವು ಸಲ ನಡೆಯಿತು, ಹಲವು ಸಲವೂ ಸೋತಿತು. ತಾಯಿಯ ಹಿಂದೆ ನಡೆದು ಕಲಿಯಬೇಕಾದದ್ದನ್ನು ಕಲಿಯದೆ ಬೆಳೆದ ಕೋಳಿಗೆ ನರಿ ಯಾವುದು, ಗಿಡುಗ ಯಾವುದು, ಹಿಮದಲ್ಲಿ ಎಲ್ಲಿ ಕೆದಕಿದರೆ ಕಾಯಿ ಸಿಗುತ್ತದೆ ಎಂಬುದೊಂದೂ ತಿಳಿದಿರಲಿಲ್ಲ.

ಕೆಲಸ ಕೂಡಿಬಂದದ್ದು ಕಾಡಿನಲ್ಲೇ ಹುಟ್ಟಿ ಬೆಳೆದ ಹಕ್ಕಿಗಳನ್ನು ಹಿಡಿದು ತರುವ ಉಪಾಯ ಹೊಳೆದ ಮೇಲೆ. ನೆಲದ ಮೇಲೆ ಕಾಳು ಚೆಲ್ಲಿ, ಮಡಿಸಿದ ಬಲೆಯನ್ನು ಪಕ್ಕದಲ್ಲಿ ಎಲೆ ಮುಚ್ಚಿ ಅಡಗಿಸಿ, ಹಿಂಡು ತಲೆ ಬಗ್ಗಿಸಿ ತಿನ್ನುತ್ತಿರುವಾಗ ಸಣ್ಣ ಫಿರಂಗಿಗಳ ಬಲದಿಂದ ಬಲೆಯನ್ನು ಅದರ ಮೇಲೆ ಹಾರಿಸುವ ಕ್ರಮ ಅದು. ಹೀಗೆ ನ್ಯೂಯಾರ್ಕ್ ರಾಜ್ಯದಲ್ಲಿ ಹಿಡಿದ ಕೇವಲ 37 ಹಕ್ಕಿಗಳನ್ನು 1972 ಮತ್ತು 1973ರಲ್ಲಿ ಮಸಾಚುಸೆಟ್ಸ್‌ನ ಪಶ್ಚಿಮದ ಬರ್ಕ್‌ಷೈರ್ ಗುಡ್ಡಗಳಲ್ಲಿ ಬಿಟ್ಟರು. ಅವು ಹೆಚ್ಚಿದಂತೆಲ್ಲ ಅಲ್ಲಿಂದಲೇ ಹಿಡಿದು ರಾಜ್ಯದ ಬೇರೆ ಜಿಲ್ಲೆಗಳಿಗೆ ಹಂಚಿದರು. ಇಂದು ಅವುಗಳ ಸಂಖ್ಯೆ ಮೂವತ್ತು ಸಾವಿರವನ್ನು ದಾಟಿದೆ ಎಂದು ರಾಜ್ಯದ ವನ್ಯಜೀವಿ ಇಲಾಖೆಯ ಅಂದಾಜು. 1991ರಲ್ಲಿ ಇದು ಆ ರಾಜ್ಯದ ಅಧಿಕೃತ ಬೇಟೆಹಕ್ಕಿಯೂ ಆಯಿತು. ನೆರೆಯ ವರ್ಮಾಂಟ್‌ನಲ್ಲಿಯೂ ಇದೇ ಕತೆ: 1969-70ರಲ್ಲಿ ಬಿಟ್ಟ 31 ಹಕ್ಕಿಗಳು ಅಲ್ಲಿನ ಇಂದಿನ ಸಾವಿರಾರು ಹಕ್ಕಿಗಳ ಮೂಲ.

ಹಕ್ಕಿ ಬಿಟ್ಟದ್ದಷ್ಟೇ ಇದಕ್ಕೆ ಕಾರಣವಲ್ಲ. ಆ ನೂರಿಪ್ಪತ್ತು ವರ್ಷಗಳಲ್ಲಿ ರೈತರು ಕಲ್ಲುನೆಲವನ್ನು ತೊರೆದು ಪಶ್ಚಿಮದ ಬಯಲುಗಳಿಗೂ ಪೇಟೆಗಳಿಗೂ ಹೋದರು, ಕಾಡು ಮರಳಿ ಹಬ್ಬಿತು. ನಿಮ್ಮ ಮಗಳ ಮನೆಯ ಹಿಂದಿನ ಕಾಡಿನಲ್ಲಿ ಸ್ವಲ್ಪ ದೂರ ನಡೆದರೆ ದಟ್ಟ ಮರಗಳ ನಡುವೆ ಕಲ್ಲು ಪೇರಿಸಿದ ಮೊಣಕಾಲೆತ್ತರದ ಪಾಗಾರ ಕಾಣಬಹುದು. ಕಾಡಿನೊಳಗೆ ಪಾಗಾರ ಏಕೆಂದು ಆಶ್ಚರ್ಯಪಡಬೇಡಿ, ಅದು ಒಂದು ಕಾಲದ ಹೊಲದ ಬೇಲಿ. ಟರ್ಕಿಗಳು ಅದರ ಮೇಲೆಯೇ ಸಾಲಾಗಿ ನಡೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಪ್ರಶ್ನೆ: ಒಂದು ದೊಡ್ಡ ಹುಂಜ ಏಪ್ರಿಲ್ ತಿಂಗಳಿಂದ ನಮ್ಮ ಕಾರಿನ ಬಾಗಿಲನ್ನು ಕುಕ್ಕುತ್ತಿದೆ. ಈಗ ಶಾಲೆಯ ಬಸ್ಸಿಗೆ ನಡೆದು ಹೋಗುವ ಮಗನನ್ನೂ ಅಟ್ಟಿಸಿಕೊಂಡು ಬರುತ್ತದೆ. ಪಕ್ಕದ ಮನೆಯ ಹಿರಿಯರು ಅವಕ್ಕೆ ದಿನವೂ ಜೋಳ ಹಾಕುತ್ತಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯದಲ್ಲೇ ಅರ್ಧ ಉತ್ತರವಿದೆ. ಜೋಳ ನಿಲ್ಲಬೇಕು.

ಟರ್ಕಿಗಳ ಹಿಂಡಿನಲ್ಲಿ ಯಾರು ಮೇಲು, ಯಾರು ಕೆಳಗು ಎಂಬ ಕಟ್ಟುನಿಟ್ಟಾದ ಶ್ರೇಣಿಯಿದೆ, ಅದು ಕುಕ್ಕಾಟದಿಂದಲೇ ತೀರ್ಮಾನವಾಗುತ್ತದೆ. ಮಾರ್ಚ್‌ನಿಂದ ಮೇವರೆಗಿನ ಬೆದೆಗಾಲದಲ್ಲಿ ಹುಂಜಗಳು ಈ ವಿಷಯದಲ್ಲಿ ವಿಪರೀತ ಸೂಕ್ಷ್ಮವಾಗಿರುತ್ತವೆ. ಕಾರಿನ ಹೊಳಪಿನಲ್ಲಿ ಅದಕ್ಕೆ ಕಾಣುವುದು ಕಾರಲ್ಲ, ಎದೆಯುಬ್ಬಿಸಿ ನಿಂತ ಇನ್ನೊಂದು ಹುಂಜ. ಎಷ್ಟು ಕುಕ್ಕಿದರೂ ಹಿಂದೆ ಸರಿಯದ ಎದುರಾಳಿಯಾದ್ದರಿಂದ ಜಗಳ ಮುಗಿಯುವುದೇ ಇಲ್ಲ. ಬೆದೆಗಾಲ ಮುಗಿಯುವವರೆಗೆ ಕಾರಿಗೆ ಹಳೆಯ ಹೊದಿಕೆಯನ್ನು ಹೊದಿಸಿ, ಕೆಳಮಟ್ಟದ ಕಿಟಕಿಗಾಜಿಗೆ ಕಾಗದ ಅಂಟಿಸಿ.

ಮನುಷ್ಯರ ಕೈಯಿಂದ ಕಾಳು ತಿಂದು ಹೆದರಿಕೆ ಬಿಟ್ಟ ಹಕ್ಕಿ ನಮ್ಮನ್ನೂ ಅದೇ ಶ್ರೇಣಿಯೊಳಗೆ ಸೇರಿಸಿಕೊಂಡುಬಿಡುತ್ತದೆ, ಓಡಿದವನು ತನಗಿಂತ ಕೆಳಗಿನವನು ಎಂದೇ ಅದರ ಲೆಕ್ಕ. ಆದ್ದರಿಂದ ಮಗನಿಗೆ ಓಡಬಾರದೆಂದು ಹೇಳಿಕೊಡಿ. ದೊಡ್ಡವರು ಜೊತೆಗೆ ಹೋಗಿ, ಕೈಯಲ್ಲಿ ಮಡಿಸಿದ ಕೊಡೆ ಹಿಡಿದು, ಹುಂಜ ಹತ್ತಿರ ಬಂದಾಗ ಅದರ ಮುಖಕ್ಕೆ ಎದುರಾಗಿ ಫಟ್ಟನೆ ಬಿಚ್ಚಿದರೆ ಸಾಕು. ಪೊರಕೆ ಬೀಸುವುದು, ತೋಟದ ಪೈಪಿನಿಂದ ನೀರು ಚಿಮ್ಮಿಸುವುದು ಇವೂ ನಡೆಯುತ್ತವೆ. ಮನೆಯವರೆಲ್ಲರೂ ಒಂದೇ ರೀತಿ ನಡೆದುಕೊಳ್ಳಬೇಕು. ಅಪ್ಪ ಅಟ್ಟುವುದು, ಅಮ್ಮ ಅಯ್ಯೋ ಪಾಪ ಎಂದು ಚಪಾತಿ ಚೂರು ಎಸೆಯುವುದು ಎಂದಾದರೆ ಹುಂಜ ಅಪ್ಪನನ್ನು ಮಾತ್ರ ಮರ್ಯಾದೆಯಿಂದ ಕಾಣುತ್ತದೆ.

ಪಕ್ಕದ ಮನೆಯವರೊಂದಿಗೆ ಮಾತನಾಡುವುದು ಕಷ್ಟದ ಕೆಲಸವೆಂದು ಬಲ್ಲೆ. ಒಂಟಿಯಾಗಿರುವ ಹಿರಿಯರಿಗೆ ಆ ಹಕ್ಕಿಗಳೇ ಬೆಳಗಿನ ನೆಂಟರು. ಆದರೆ ಜೋಳದ ಆಸೆಗೆ ಹಿಂಡು ರಸ್ತೆ ದಾಟುತ್ತದೆ, ಅಲ್ಲಿ ವಾಹನಕ್ಕೆ ಸಿಕ್ಕಿ ಸಾಯುವುದು ಅದೇ ಹಕ್ಕಿಗಳು ಎಂದು ತಿಳಿಹೇಳಿದರೆ ಒಪ್ಪಿಯಾರು.

ಪ್ರಶ್ನೆ: ಅಮೆರಿಕದ ಹಕ್ಕಿಗೆ ಟರ್ಕಿ ದೇಶದ ಹೆಸರೇಕೆ? ಇದಕ್ಕೂ ನಮ್ಮ ನವಿಲಿಗೂ ನಂಟಿದೆಯೆ? ಶಿರಸಿಯಲ್ಲಿರುವ ನನಗೆ ಮೊಮ್ಮಗ ಕಳಿಸಿದ ಚಿತ್ರ ನೋಡಿದಾಗ ನವಿಲೇ ನೆನಪಾಯಿತು.

ಉತ್ತರ: ನಂಟಿದೆ. ನವಿಲು, ಕಾಡುಕೋಳಿ, ಟರ್ಕಿ ಎಲ್ಲವೂ ಒಂದೇ ಕುಟುಂಬದವು. ಬಾಲ ಬಿಚ್ಚಿ ಕುಣಿಯುವ ಚಾಳಿಯೂ ಸಮಾನ.

ಹೆಸರಿನ ಕತೆ ಸೊಗಸಾಗಿದೆ. ಆಫ್ರಿಕದ ಗಿನಿ ಕೋಳಿಯು ಟರ್ಕಿಯ ವ್ಯಾಪಾರಿಗಳ ಮೂಲಕ ಯುರೋಪಿಗೆ ಬರುತ್ತಿದ್ದುದರಿಂದ ಇಂಗ್ಲಿಷರು ಅದನ್ನು ಟರ್ಕಿ ಕೋಳಿ ಎನ್ನುತ್ತಿದ್ದರು, ಅಮೆರಿಕದ ಹೊಸ ಹಕ್ಕಿ ಬಂದಾಗ ಅದೇ ಹೆಸರು ಇದಕ್ಕೂ ಅಂಟಿತು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಟರ್ಕಿ ದೇಶದವರು ಮಾತ್ರ ಈ ಹಕ್ಕಿಯನ್ನು ತಮ್ಮದೆಂದು ಒಪ್ಪಿಕೊಂಡಿಲ್ಲ. ಅವರು ಇದನ್ನು ಕರೆಯುವುದು ‘ಹಿಂದಿ’ ಎಂದು, ಅಂದರೆ ಹಿಂದೂಸ್ತಾನದ್ದು. ಫ್ರೆಂಚರ ‘ದ್ಯಾಂದ್’ ಎಂಬ ಹೆಸರಿಗೂ ಭಾರತದ್ದು ಎಂದೇ ಅರ್ಥ. ಡಚ್ಚರಂತೂ ಇನ್ನೂ ನಮ್ಮ ಹತ್ತಿರಕ್ಕೆ ಬಂದು ‘ಕಲ್ಕೂನ್’ ಎಂದರು, ಕಲ್ಲಿಕೋಟೆಯ ಕೋಳಿ! ಅಮೆರಿಕವನ್ನು ಇಂಡೀಸ್ ಎಂದು ಕರೆದ ಕೊಲಂಬಸನ ಕಾಲದ ಗೊಂದಲ ಹೀಗೆ ಒಂದು ಹಕ್ಕಿಯ ಹೆಸರಿನಲ್ಲಿ ಇಂದಿಗೂ ಉಳಿದಿದೆ.

ಹಕ್ಕಿ ನಿಜವಾಗಿ ನಮ್ಮ ಕಡೆಗೆ ಬಂದದ್ದೂ ಉಂಟು. 1612ರಲ್ಲಿ ಮೊಗಲ್ ದೊರೆ ಜಹಾಂಗೀರನಿಗಾಗಿ ಅವನ ಅಧಿಕಾರಿ ಮುಕರ್ರಬ್ ಖಾನ್ ಪೋರ್ಚುಗೀಸರ ಗೋವೆಯಿಂದ ಕೊಂಡುತಂದ ಅಪರೂಪದ ವಸ್ತುಗಳಲ್ಲಿ ಒಂದು ಟರ್ಕಿಯೂ ಇತ್ತು. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅದನ್ನು ಬಣ್ಣಿಸಿದ್ದಾನೆ: ಹೆಣ್ಣುನವಿಲಿಗಿಂತ ದೊಡ್ಡದು, ಗಂಡುನವಿಲಿಗಿಂತ ಚಿಕ್ಕದು, ಬೆದೆಗೆ ಬಂದಾಗ ನವಿಲಿನಂತೆಯೇ ಗರಿಬಿಚ್ಚಿ ಕುಣಿಯುತ್ತದೆ, ಅದರ ತಲೆ ಮತ್ತು ಕುತ್ತಿಗೆ ಒಮ್ಮೆ ಹವಳದಂತೆ ಕೆಂಪು, ಸ್ವಲ್ಪ ಹೊತ್ತಿನಲ್ಲಿ ಹತ್ತಿಯಂತೆ ಬಿಳಿ, ಮತ್ತೊಮ್ಮೆ ಪಚ್ಚೆನೀಲಿ, ಗೋಸುಂಬೆಯ ಹಾಗೆ. ಅವನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಬರೆದ ಆ ಹಕ್ಕಿಯ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಕೊಕ್ಕಿನ ಬುಡದಿಂದ ಜೋತುಬಿದ್ದ ಮಾಂಸದ ಎಳೆಯಿಂದ ಹಿಡಿದು ಕುತ್ತಿಗೆಯ ಗಂಟುಗಂಟಾದ ಚರ್ಮದವರೆಗೆ ಮನ್ಸೂರ್ ಏನನ್ನೂ ಬಿಟ್ಟಿಲ್ಲ.

ಜಹಾಂಗೀರ್ ಕಂಡದ್ದನ್ನು ನಾನು ಪ್ರತಿ ಏಪ್ರಿಲ್‌ನಲ್ಲಿ ಅಡಿಗೆಮನೆಯ ಕಿಟಕಿಯಿಂದ ಕಾಣುತ್ತೇನೆ. ಹುಂಜ ಗರಿಗಳನ್ನು ನಿಗುರಿಸಿ ರೆಕ್ಕೆಯ ತುದಿಯನ್ನು ನೆಲಕ್ಕೆ ಸವರುತ್ತ ಎರಡು ಹೆಜ್ಜೆ ಇಡುತ್ತದೆ, ಒಣಗಿದ ಎಲೆಯ ಮೇಲೆ ಸೆರಗು ಎಳೆದಂತೆ ಸರಕ್ಕೆಂಬ ಸದ್ದು. ಅದರ ಹಿಂದೆಯೇ ಎದೆಯೊಳಗಿಂದ ಒಂದು ಗುಂಯ್‌ಗುಡುವಿಕೆ ಬರುತ್ತದೆ, ಕಿವಿಗಿಂತ ಮೊದಲು ಕಿಟಕಿಯ ಗಾಜಿಗೇ ತಾಗಿತೇನೋ ಎನ್ನುವಷ್ಟು ತಗ್ಗಿನ ಸ್ವರ. ಈ ಸಂಭ್ರಮಕ್ಕೆ ಬೆನ್ನುಹಾಕಿ ಹೇಂಟೆಗಳು ಮಾತ್ರ ತಮ್ಮ ಪಾಡಿಗೆ ತರಗೆಲೆ ಕೆದಕುತ್ತಿರುತ್ತವೆ. ಆಗಲೇ ಯಾರಾದರೂ ಕಾರಿನ ಬಾಗಿಲನ್ನು ಧಡ್ಡೆಂದು ಹಾಕಿದರೆ ಹುಂಜ ಕುತ್ತಿಗೆ ಚಾಚಿ ಗುಳುಗುಳುಗುಳು ಎಂದು ಅದಕ್ಕೇ ಉತ್ತರ ಕೊಡುತ್ತದೆ. ಗುಡುಗಿಗೂ ಗೂಬೆಯ ಕೂಗಿಗೂ ಹೀಗೆಯೇ.

ಪ್ರಶ್ನೆ: ಇಷ್ಟು ಭಾರದ ಹಕ್ಕಿ ನಿಜಕ್ಕೂ ಮರದ ಮೇಲೆ ಮಲಗುತ್ತದೆಯೆ?

ಉತ್ತರ: ಮಲಗುತ್ತದೆ. ಹುಂಜ ಏಳೆಂಟು ಕಿಲೊ, ಕೆಲವೊಮ್ಮೆ ಹತ್ತು ಕಿಲೊ ತೂಗುತ್ತದೆ, ಹೇಂಟೆ ನಾಲ್ಕರ ಸುಮಾರು. ಇರುಳಲ್ಲಿ ಕಣ್ಣು ಅಷ್ಟಾಗಿ ಕಾಣದ್ದರಿಂದ ಕತ್ತಲಾಗುವ ಮೊದಲೇ ಮರವೇರಬೇಕು. ನಮ್ಮ ಮನೆಯ ಹಿಂದೆ ಬಿಳಿ ಪೈನ್ ಮರಗಳಿವೆ. ಮುಸ್ಸಂಜೆಯಲ್ಲಿ ಒಂದೊಂದಾಗಿ ರೆಕ್ಕೆ ಬಡಿದು ಮೇಲೇರುವಾಗ ಯಾರೋ ಕಂಬಳಿ ಕೊಡವಿದಂತೆ ಕೇಳುತ್ತದೆ. ಕೂತ ಮೇಲೂ ಅರ್ಧ ಗಂಟೆ ಜಾಗಕ್ಕಾಗಿ ತಕರಾರು ನಡೆಯುತ್ತದೆ. ದಪ್ಪ ಹಿಮ ಬಿದ್ದು ನಡೆಯಲಾಗದ ದಿನಗಳಲ್ಲಿ ಕೆಳಗಿಳಿಯದೆ, ಏನೂ ತಿನ್ನದೆ ದಿನಗಟ್ಟಲೆ ಮರದಲ್ಲೇ ಇರಬಲ್ಲವು. ಅದನ್ನು ನೋಡಿ ಮರುಗಿ ಕಾಳು ಹಾಕಲು ಹೋಗಬೇಡಿ.

ಪ್ರಶ್ನೆ: ಹಿತ್ತಲಲ್ಲಿ ಹುರುಳಿಕಾಯಿ, ಮೆಂತ್ಯ, ಬದನೆ ಹಾಕಿದ್ದೆವು. ಬೆಳಿಗ್ಗೆ ಎದ್ದು ನೋಡಿದರೆ ಹುರುಳಿ ಗಿಡಗಳ ತುದಿಯೆಲ್ಲ ಮಾಯ, ಟರ್ಕಿಗಳು ಅಲ್ಲೇ ಓಡಾಡುತ್ತಿದ್ದವು. ಓಡಿಸುವುದು ಹೇಗೆ?

ಉತ್ತರ: ಕದ್ದವರು ರಾತ್ರಿಯೇ ಹೋಗಿರುತ್ತಾರೆ, ಬೆಳಕು ಹರಿದ ಮೇಲೆ ಕಣ್ಣಿಗೆ ಬಿದ್ದವರ ಮೇಲೆ ಅಪವಾದ. ನಮ್ಮ ಊರುಗಳಲ್ಲಿ ನವಿಲು ಬಿತ್ತನೆಯ ಕಾಳನ್ನೂ ಎಳೆ ಸಸಿಯನ್ನೂ ತಿಂದುಹಾಕುವುದನ್ನು ಕಂಡವರಿಗೆ ಟರ್ಕಿಯ ಮೇಲೆ ಅನುಮಾನ ಬರುವುದು ಸಹಜ. ಗಿಡದ ತುದಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಹಾಗಾಗಿ ಅದು ಕಚ್ಚಿ ಎಳೆದ ಕಾಂಡದ ತುದಿ ನಾರುನಾರಾಗಿ ಹರಿದಿರುತ್ತದೆ. ಮೊಲವಾದರೆ ಚಾಕುವಿನಿಂದ ಓರೆಯಾಗಿ ಕೊಯ್ದಂತೆ ನುಣ್ಣಗಿರುತ್ತದೆ. ಟರ್ಕಿಯ ಗುರುತೇ ಬೇರೆ. ಮಣ್ಣು ಕೆದಕಿರುತ್ತದೆ, ಒಣನೆಲದಲ್ಲಿ ಬಟ್ಟಲಿನಂಥ ಗುಳಿ ಮಾಡಿ ಧೂಳಿನಲ್ಲಿ ಮಿಂದಿರುತ್ತದೆ, ಹಿಕ್ಕೆ ಬಿದ್ದಿರುತ್ತದೆ. ಹುಂಜದ ಹಿಕ್ಕೆ ಕೊಕ್ಕೆಯ ಹಾಗೆ ಒಂದು ತುದಿಯಲ್ಲಿ ಬಾಗಿರುತ್ತದೆ, ಹೇಂಟೆಯದು ಸುರುಳಿ ಸುತ್ತಿದ ಉಂಡೆ. ಎಳೆ ಸಸಿಗಳ ಸಾಲನ್ನು ಕೆದಕಿ ಹಾಳುಮಾಡುವುದು ಉಂಟು, ಆದರೆ ಅವು ಮುಖ್ಯವಾಗಿ ಹುಡುಕುವುದು ಮಿಡತೆ, ಜೀರುಂಡೆ, ಬಿದ್ದ ಬೀಜಗಳನ್ನು. ಎಂಟಡಿ ಎತ್ತರದ ಜಿಂಕೆಬಲೆ ಕಟ್ಟಿದರೆ ನಿಮ್ಮ ಹುರುಳಿ ಉಳಿಯುತ್ತದೆ. ಮೆಂತ್ಯವನ್ನು ಮುಟ್ಟಲಿಲ್ಲವೆಂದು ಬರೆದಿಲ್ಲ, ಆದರೆ ನನ್ನ ಅನುಭವದಲ್ಲಿ ಜಿಂಕೆಗಳು ಅದನ್ನು ಕೊನೆಗೆ ಉಳಿಸುತ್ತವೆ.

ಪ್ರಶ್ನೆ: ಟರ್ಕಿಗಳು ಉಣುಗುಗಳನ್ನು ತಿನ್ನುವುದರಿಂದ ಅವು ಅಂಗಳದಲ್ಲಿದ್ದರೆ ಲೈಮ್ ಕಾಯಿಲೆಯ ಭಯವಿಲ್ಲ ಎಂದು ಇಲ್ಲಿ ಹೇಳುತ್ತಾರೆ. ಸೊರಬದ ಕಡೆಯವನಾದ ನನಗೆ ಉಣುಗು ಎಂದರೆ ಮಂಗನ ಕಾಯಿಲೆಯೇ ನೆನಪು.

ಉತ್ತರ: ನಿಮ್ಮ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲೇ 1957ರಲ್ಲಿ ಆ ಕಾಯಿಲೆಯನ್ನು ಮೊದಲು ಗುರುತಿಸಿದ್ದು, ಆದ್ದರಿಂದ ಉಣುಗನ್ನು ಹಗುರವಾಗಿ ಕಾಣಬಾರದೆಂದು ನಿಮಗೆ ಬೇರೆಯವರು ಹೇಳಬೇಕಾಗಿಲ್ಲ. ಎರಡೂ ಉಣುಗಿನಿಂದ ಬಂದರೂ ಜಾತಿ ಬೇರೆ. ಮಂಗನ ಕಾಯಿಲೆಗೆ ಕಾರಣ ವೈರಸ್, ಲೈಮ್‌ಗೆ ಬ್ಯಾಕ್ಟೀರಿಯಾ. ಹಾಗಾಗಿ ಲೈಮ್ ಅನ್ನು ಬೇಗ ಕಂಡುಹಿಡಿದರೆ ಆ್ಯಂಟಿಬಯಾಟಿಕ್‌ನಿಂದ ಗುಣಪಡಿಸಬಹುದು. ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನಿಂದ ಅದಕ್ಕೆ ಆ ಹೆಸರು.

ಟರ್ಕಿ ಕಾಯುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ. ಅದು ಅಲ್ಲೊಂದು ಇಲ್ಲೊಂದು ಉಣುಗನ್ನು ತಿನ್ನಬಹುದು. ಆದರೆ ಮನುಷ್ಯರಿಗೆ ಹೆಚ್ಚಾಗಿ ರೋಗ ತಗಲಿಸುವುದು ಗಸಗಸೆ ಕಾಳಿನಷ್ಟೇ ಇರುವ ಎಳೆಯ ಉಣುಗು, ಮೇಯಿಂದ ಜುಲೈವರೆಗೆ ತರಗೆಲೆಯ ಅಡಿಯಲ್ಲಿರುವಂಥದ್ದು. ಅದಕ್ಕೆ ಬ್ಯಾಕ್ಟೀರಿಯಾ ಅಂಟುವುದು ಬಹುಮಟ್ಟಿಗೆ ಬಿಳಿಗಾಲಿನ ಇಲಿಯ ರಕ್ತದಿಂದ. ಟರ್ಕಿಗೆಂದು ನೀವು ಚೆಲ್ಲಿದ ಕಾಳನ್ನು ರಾತ್ರಿ ತಿನ್ನಲು ಬರುವುದೂ ಇದೇ ಇಲಿ. ಕಾಡಿನಿಂದ ಬಂದ ಕೂಡಲೇ ಬಟ್ಟೆಯನ್ನು ಡ್ರೈಯರ್‌ನ ಹೆಚ್ಚಿನ ಬಿಸಿಯಲ್ಲಿ ಹತ್ತು ನಿಮಿಷ ತಿರುಗಿಸಿ, ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ ಕೈಯಾಡಿಸಿ ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಕೀಳಬೇಕು. ಎಣ್ಣೆ ಸವರುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಕಚ್ಚಿದ ಜಾಗದ ಸುತ್ತ ಕೆಂಪು ಹರಡಿದರೆ ಅಥವಾ ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬೇಡಿ.

ಪ್ರಶ್ನೆ: ಮೇ ತಿಂಗಳಲ್ಲಿ ಹುಲ್ಲು ಕೊಚ್ಚುವಾಗ ಪೊದೆಯ ಬುಡದಲ್ಲಿ ಹೇಂಟೆಯೊಂದು ಕದಲದೆ ಕೂತಿತ್ತು. ಮುಟ್ಟುವಷ್ಟು ಹತ್ತಿರ ಹೋದರೂ ಏಳಲಿಲ್ಲ. ಗಾಯವಾಗಿದೆಯೆ?

ಉತ್ತರ: ಕಾವಿಗೆ ಕೂತಿದೆ. ಹತ್ತು-ಹನ್ನೆರಡು ಮೊಟ್ಟೆಗಳ ಮೇಲೆ ನಾಲ್ಕು ವಾರ ಹಾಗೆ ಕೂರುತ್ತದೆ. ಆ ಕಡೆಯ ಹುಲ್ಲನ್ನು ಜೂನ್ ಮಧ್ಯದವರೆಗೆ ಕೊಚ್ಚದೆ ಬಿಡಿ, ನಾಯಿಯನ್ನು ಆ ಕಡೆ ಸುಳಿಯಗೊಡಬೇಡಿ. ಮರಿಗಳು ಹೊರಬಂದ ಒಂದು ದಿನದೊಳಗೆ ತಾಯಿ ಅವನ್ನು ಕರೆದುಕೊಂಡು ಗೂಡು ಬಿಡುತ್ತದೆ. ಮೊದಲ ಹತ್ತು ದಿನ ಮರಿಗಳಿಗೆ ಮರವೇರಲು ಬಾರದು. ನೆಲದಲ್ಲೇ ತಾಯಿಯ ರೆಕ್ಕೆಯಡಿ ರಾತ್ರಿ ಕಳೆಯುತ್ತವೆ. ಆ ದಿನಗಳಲ್ಲಿ ಎಡೆಬಿಡದ ಚಳಿಮಳೆ ಹಿಡಿದರೆ ಬಹಳ ಮರಿಗಳು ಸಾಯುತ್ತವೆ.

ಪ್ರಶ್ನೆ: ಹಕ್ಕಿಗಳಿಗೆಂದು ತೂಗುಹಾಕಿದ ಸೂರ್ಯಕಾಂತಿ ಬೀಜದ ಪೆಟ್ಟಿಗೆಯ ಕೆಳಗೆ ಟರ್ಕಿಗಳು ಸೇರುತ್ತಿದ್ದವು. ಮೊನ್ನೆ ಪೆಟ್ಟಿಗೆಯೇ ಕಂಬಸಹಿತ ನೆಲಕ್ಕೆ ಬಿದ್ದಿದೆ. ಟರ್ಕಿ ಇಷ್ಟು ಬಲಶಾಲಿಯೆ?

ಉತ್ತರ: ಅಲ್ಲ. ಅದು ಕರಿಕರಡಿ. ಪೆಟ್ಟಿಗೆಯನ್ನು ಮತ್ತೆ ನಿಲ್ಲಿಸಬೇಡಿ. ಅದರ ಬದಲು ನೀರಿನ ತಟ್ಟೆಯೊಂದನ್ನು ಇಟ್ಟರೆ ಸಣ್ಣ ಹಕ್ಕಿಗಳು ಅದಕ್ಕೂ ಬರುತ್ತವೆ.

ಪ್ರಶ್ನೆ: ಅಂಗಳದಲ್ಲಿ ಬಿದ್ದ ಟರ್ಕಿ ಗರಿಯನ್ನು ಮೊಮ್ಮಗಳು ಆರಿಸಿ ತಂದು ಪುಸ್ತಕದೊಳಗೆ ಇಟ್ಟಿದ್ದಾಳೆ. ಇಲ್ಲಿ ಗರಿ ಇಟ್ಟುಕೊಳ್ಳುವುದು ಅಪರಾಧವೆಂದು ಯಾರೋ ಹೆದರಿಸಿದರು.

ಉತ್ತರ: ಹೆದರಿಸಿದವರು ಅರ್ಧ ಸರಿ. 1918ರ ವಲಸೆ ಹಕ್ಕಿಗಳ ಕಾಯಿದೆಯ ಪ್ರಕಾರ ಇಲ್ಲಿನ ಹೆಚ್ಚಿನ ಕಾಡುಹಕ್ಕಿಗಳ ಬಿದ್ದ ಗರಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಗಿಡುಗ, ಗೂಬೆ, ನೀಲಿ ಜೇ, ಎಲ್ಲವೂ ಅದರೊಳಗೆ ಬರುತ್ತವೆ. ಟರ್ಕಿ ವಲಸೆ ಹೋಗುವ ಹಕ್ಕಿಯಲ್ಲವಾದ್ದರಿಂದ ಆ ಪಟ್ಟಿಯಲ್ಲಿಲ್ಲ. ನಾವು ಚಿಕ್ಕವರಿದ್ದಾಗ ಪುಸ್ತಕದಲ್ಲಿ ನವಿಲುಗರಿ ಇಟ್ಟು ಅದು ಮರಿ ಹಾಕುತ್ತದೆಂದು ದಿನವೂ ತೆರೆದು ನೋಡುತ್ತಿದ್ದೆವಲ್ಲ, ಹಾಗೆಯೇ ಆಕೆಯೂ ನೋಡಿಕೊಳ್ಳಲಿ.